ಬಲಗೈ ಅಭ್ಯಾಸ

ಕಳಸ
11 ಫೆಬ್ರವರಿ 2025

ರೀ,

ಲಕೋಟೆಯ ಮೇಲೆ ಚನ್ನಬಸವ ಎಂದು ಬರೆದೆ. ಒಳಗೆ ಹಾಗೆ ಬರೆಯಲು ಮನಸ್ಸು ಬರಲಿಲ್ಲ. ಫೋನು ಮಾಡಿದರೆ ಹೂಂ ಎಂದು ಇಟ್ಟುಬಿಡುತ್ತೀರಿ, ಪತ್ರವನ್ನಾದರೂ ಕೊನೆತನಕ ಓದುತ್ತೀರಿ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಅಮ್ಮನ ಮನೆಯಲ್ಲಿ ಚೆನ್ನಾಗಿದ್ದೇನೆ. ಸಿಟ್ಟು ಇಳಿದಿದೆ, ಪೂರ್ತಿಯಲ್ಲ. ಕುಯ್ದ ಕಾಫಿ ಹಣ್ಣು ಅಂದೇ ಸಿಪ್ಪೆ ಬಿಟ್ಟು ಪಲ್ಪ್ ಆಗದಿದ್ದರೆ ಹುಳಿಯುತ್ತದೆಂದು ನಮ್ಮ ಕಡೆ ಎಲ್ಲರೂ ಮೋಟಾರು ನಿಲ್ಲಿಸದೆಯೇ ಪಲ್ಪರ್ ಯಂತ್ರಕ್ಕೆ ಸಿಕ್ಕಿದ ಕಡ್ಡಿ ಎಳೆಯುತ್ತಾರೆ. ನೀವೂ ಎಳೆದಿರಿ, ಬಲಗೈಯ, ತಂತಿ ಮೀಟುವ ಎರಡು ಬೆರಳೇ ಹೋದವು. ಅದಕ್ಕೆ ನಾನು ಒಂದು ಮಾತೂ ಆಡಲಿಲ್ಲ. ಗಿಟಾರನ್ನು ಮಲ್ಲಂದೂರಿನ ತಮ್ಮ ಹರ್ಷವರ್ಧನನಿಗೆ ಕೊಟ್ಟುಬಿಡು, ಕನಿಕರ ತೋರಿಸುವುದಾದರೆ ನೀನೂ ಹೊರಡು ಎಂದಿರಲ್ಲ, ಆ ಮಾತಿಗೆ ಹೊರಟು ಬಂದೆ.

ಗಿಟಾರು ಹರ್ಷವರ್ಧನನ ಬಳಿ ಇಲ್ಲ. ನನ್ನ ಜೊತೆ ಬಸ್ಸಿನಲ್ಲಿ ಬಂತು. ಕೊಟ್ಟಿಗೆಹಾರದಲ್ಲಿ ಕಾಯುವಾಗ ಒಬ್ಬ ಅಜ್ಜಿ ಅದನ್ನು ವೀಣೆ ಎಂದುಕೊಂಡು ಒಂದು ದೇವರನಾಮ ನುಡಿಸು ಎಂದರು. ಬಸ್ಸು ಬಂದು ಬಚಾವಾದೆ.

ನಗಬೇಡಿ, ಈಗ ಅಭ್ಯಾಸ ಮಾಡುತ್ತಿದ್ದೇನೆ. ನೀವು ಜಗಲಿಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದುದನ್ನು ಅಡುಗೆಮನೆಯಿಂದ ಕೇಳಿಯೇ ಅರ್ಧ ಬಾಯಿಪಾಠವಾಗಿತ್ತು. ತಂತಿ ಮೀಟುವ ಪಿಕ್ ಸಡಿಲವಾಗಿ ಹಿಡಿಯಬೇಕು, ಮೊಣಕೈ ಆಡಬಾರದು, ಮಣಿಕಟ್ಟು ಮಾತ್ರ ಆಡಬೇಕು. ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ, ಎರಡೂ ಒಂದೇ ತೂಕ. ಮೊದಮೊದಲು ನಾನು ಮೇಲಕ್ಕೆ ಹಾಕಿದ ಏಟು ಕೇಳಿಸುತ್ತಲೇ ಇರಲಿಲ್ಲ. ಕಾರಣ ಆಮೇಲೆ ತಿಳಿಯಿತು: ಪಿಕ್ಕನ್ನು ಕಾಫಿ ಹಣ್ಣಿನ ಹಾಗೆ ಹಿಡಿದು ತಿರುಚುತ್ತಿದ್ದೆ. ಇಷ್ಟು ವರ್ಷ ಹಣ್ಣು ಕುಯ್ದ ಕೈಗೆ ತನ್ನ ಕಡೆ ಸೆಳೆಯುವುದಷ್ಟೇ ಗೊತ್ತು. ಮೊಬೈಲಿನಲ್ಲಿ ತಾಳ ಹಾಕುವ ಮೆಟ್ರೋನೋಮನ್ನು ತೀರಾ ನಿಧಾನಕ್ಕಿಟ್ಟು ಮೇಲಕ್ಕೆ ಹಾಕುವ ಏಟೊಂದನ್ನೇ ದಿನಗಟ್ಟಲೆ ಹಾಕಿದೆ. ಅಮ್ಮ ಮನೆ ಮುಂದಿನ ತನ್ನ ಬಟ್ಟೆ ಅಂಗಡಿಯಿಂದ ಒಳಗೆ ಬಂದು, ಮಾರಾಯ್ತಿ, ಅದಕ್ಕೆ ಬೇರೆ ಸ್ವರವೇ ಇಲ್ವಾ ಎಂದು ಕೇಳಿದರು. ಈಗ ತಂತಿಯಿಂದ ತಂತಿಗೆ ದಾಟಿದರೂ ತಾಳ ತಪ್ಪುವುದಿಲ್ಲ. ಸ್ವಲ್ಪ ಜಂಬವೂ ಬಂದಿದೆ.

ನಿಮ್ಮ ಎಡಗೈಗೆ ಏನೂ ಆಗಿಲ್ಲ. ಲೆಗಾಟೋ ಎಂದರೆ ಒಮ್ಮೆ ಮೀಟಿದರೆ ಸಾಕು, ಮುಂದಿನ ಸ್ವರಗಳನ್ನೆಲ್ಲ ಎಡಗೈ ಬೆರಳುಗಳೇ ತಂತಿಯ ಮೇಲೆ ಬಿದ್ದು ಎದ್ದು ನುಡಿಸುತ್ತವೆ ಎಂದು ಮಕ್ಕಳಿಗೆ ಹೇಳುತ್ತಿದ್ದವರು ನೀವೇ. ಆಸ್ಪತ್ರೆಯಲ್ಲಿ ನಾನಿದನ್ನು ನೆನಪಿಸಿದಾಗ ಗೋಡೆ ಕಡೆ ತಿರುಗಿ, ಆ ಮೊದಲ ಮೀಟು ಯಾರು ಹಾಕ್ತಾರೆ ಎಂದಿರಿ.

ನೀವು ನುಡಿಸದ ಮನೆಗೆ ಬರಲು ನನಗೆ ಭಯ. ಬೆರಳಿಗಾಗಿ ಅಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಸಂಜೆ ಎದುರುಬದುರು ಕೂತು, ಒಂದು ಮಾತಿಲ್ಲದೆ ಕಾಫಿ ಕುಡಿದು ಏಳುತ್ತಿದ್ದೆವಲ್ಲ, ಅದಕ್ಕೆ. ಹಾಗೆ ಬಾಳುವುದು ನನ್ನಿಂದಾಗದು. ನನಗೆ ನಿಮ್ಮ ಮೇಲಿರುವುದು ಕನಿಕರವಲ್ಲ, ಪ್ರೀತಿ. ಮದುವೆಯಾಗಿ ಇಷ್ಟು ವರ್ಷಕ್ಕೆ ಇದನ್ನೂ ಬರೆದು ತಿಳಿಸಬೇಕಾಯಿತು ನೋಡಿ.

ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಗೋಣಿಬೀಡಿನ ಸ್ಟಾಪಿನಲ್ಲಿ ನೀವೇ ಬಂದು ನಿಂತಿದ್ದರೆ ಇಳಿಯುತ್ತೇನೆ. ಯಾರನ್ನೋ ಜೀಪು ಕೊಟ್ಟು ಕಳಿಸಿದರೆ ಇಳಿಯುವುದಿಲ್ಲ, ಹಾಗೇ ಸಕಲೇಶಪುರಕ್ಕೆ, ತಂಗಿಯ ಮನೆಗೆ ಹೋಗುತ್ತೇನೆ. ಹೋದರೆ ಅಲ್ಲೇ ಉಳಿಯುವ ಮನಸ್ಸಿದೆ. ಬೆದರಿಕೆಯಲ್ಲ, ಮೊದಲೇ ತಿಳಿದಿರಲಿ ಎಂದು.

ಔಷಧಿ ತಪ್ಪಿಸಬೇಡಿ.

ಇನ್ನೂ ನಿಮ್ಮವಳೇ ಆದ
ಶಿಲ್ಪಾ

ತಾ.ಕ.: ನನಗೆ ಒಂದೇ ಒಂದು ಹಾಡೂ ನುಡಿಸಲು ಬರುವುದಿಲ್ಲ. ಎಡಗೈಯ ಪಾಠಗಳನ್ನು ಬೇಕೆಂದೇ ಕಲಿಯಲಿಲ್ಲ, ಅವು ನಿಮ್ಮವು. ಗಿಟಾರು ನಿಮ್ಮ ತೊಡೆಯ ಮೇಲಿರಲಿ, ನಾನು ನಿಮ್ಮ ಬಲಕ್ಕೆ ಕೂತು ಮೀಟುತ್ತೇನೆ. ಜಗಲಿಯ ಕುರ್ಚಿ ತೆಗೆಸಿ, ಬೆಂಚು ಹಾಕಿಸಿ.