ಅರಿಶಿನದ ಬೊಟ್ಟು

ಜನವರಿ 9, 1984, ಸೋಮವಾರ

ಬೆಳಗಿನ ವ್ಯಾಯಾಮ ಆಯಿತು. ಗೋಡೆಗೆ ಎದುರಾಗಿ ನಿಂತು ಎಡಗೈ ಬೆರಳುಗಳನ್ನು ಮೇಲಕ್ಕೆ ಹತ್ತಿಸುವುದು. ಬೆರಳು ನಿಂತಲ್ಲಿ ಇದ್ದಿಲಿನ ಗೆರೆ. ಕ್ಯಾನ್ಸರ್ ಅಂತ ಎಡ ಎದೆ ತೆಗೆದ ಡಾಕ್ಟರು ಮಾರ್ಚ್ ಎಂಟರವರೆಗೆ ಗಡುವು ಕೊಟ್ಟಿದ್ದಾರೆ — ಅಷ್ಟರಲ್ಲಿ ಕೈ ತಲೆ ದಾಟಬೇಕು. ನಮ್ಮ ಗೋಡೆಯಲ್ಲಾದರೆ ದೀಪದ ಗೂಡು ಮುಟ್ಟಬೇಕು. ಇಲ್ಲದಿದ್ದರೆ ಭುಜ ಹಿಡಿದೇ ಹೋಗುತ್ತದಂತೆ.

ಇವರು ಕಾಫಿ ಹೀರುತ್ತಾ, "ಹಲ್ಲಿ ಆಗ್ಬುಟ್ಟೆ ಕಣಮ್ಮ, ಲೊಚಗುಟ್ಟೋದೊಂದು ಬಾಕಿ" ಅಂದರು. ನಕ್ಕೆ. ನಕ್ಕರೂ ಹೊಲಿಗೆ ಎಳೆಯುತ್ತದೆ.

ಜನವರಿ 12

ಬಾಲವಾಡಿ ಮುಗಿಸಿ ಹಟ್ಟಿಗೆ ನಡೆದೆ. ಕರಿಯಕ್ಕ — ಬೆಂಗಳೂರಿನ ವಾರ್ಡಿನಲ್ಲಿ ಪಕ್ಕದ ಮಂಚದವಳು, ಅದೇ ಆಪರೇಷನ್. ಆಸ್ಪತ್ರೆಯವರು ವ್ಯಾಯಾಮಕ್ಕೆ ವಾರ ವಾರ ಬನ್ನಿ ಅಂದರಂತೆ. ಹಟ್ಟಿಯಿಂದ ಹೊಳವನಹಳ್ಳಿಗೆ ನಡೆದು ಬಂದರೇನೇ ಬಸ್ಸು; ಹೋಗಿಲ್ಲ. ಕೈಯನ್ನು ಯಾರದೋ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗೋಡೆಗೆ ನಿಲ್ಲಿಸಿ ಹೇಳಿಕೊಟ್ಟೆ. ಇದ್ದಿಲು ಬೇಡ ಅಂದಳು. ಜುಂಜಮ್ಮನ ಹಾಗೆ ಅರಿಶಿನದ ಬೊಟ್ಟಿಟ್ಟಳು.

ಮದಲೂರಿನ ಜುಂಜಮ್ಮ. ಮೂರನೇ ಮಂಚ. ಆರಡಿ ಹೆಂಗಸು. ವಾರ್ಡಿನ ಗೋಡೆಯಲ್ಲಿ ನಮ್ಮ ಕೈ ಎಟುಕುವುದಕ್ಕಿಂತ ಒಂದೇ ಬೆರಳು ಮೇಲೆ ಬೊಟ್ಟಿಟ್ಟು, "ಮುಟ್ರೇ ನೋಡಾನ, ಕುಳ್ಳೀರಾ" ಅನ್ನುತ್ತಿದ್ದಳು. ನಾವು ಊರಿಗೆ ಹೊರಡುವ ಹಿಂದಿನ ದಿನ ತೀರಿಕೊಂಡಳು.

ಜನವರಿ 19

ಹಟ್ಟಿಯಲ್ಲಿ ಎಡವಟ್ಟು. ಕರಿಯಕ್ಕನ ಅತ್ತೆ ಕೆಂಪಕ್ಕ ಬೊಟ್ಟಿಗೆ ಹೂವು ಏರಿಸಿಬಿಟ್ಟಿದ್ದಾರೆ!

"ದ್ಯಾವ್ರು ಮೂಡವ್ನೆ ಮೇಷ್ಟ್ರಮ್ಮ. ಇನ್ನಾ ಗ್ವಾಡೆ ಮ್ಯಾಲೆ ಬೆಳ್ಳು ಆಡುಸ್ಬಾರ್ದು."

ಕೈ ಮತ್ತೆ ಮಡಿಲಿಗೆ ಬಿದ್ದಿತ್ತು. ಕಥೆ ಕಟ್ಟಿದೆ: "ಇದು ಮೇಲೇರೋ ದೇವ್ರು ಕಣಜ್ಜಿ. ಸೊಸೆ ದಿನಾ ಒಂದು ಬೆರಳು ಮೇಲೆ ಹೊಸ ಬೊಟ್ಟು ಇಡ್ಬೇಕು."

"ಸೂರು ಮುಟ್ಟಿದ್ಮ್ಯಾಲೆ ಎತ್ಲಾಗೋಯ್ತಾನೆ?"

"ಬೇರೆ ಮನೆಗೆ." ಬಾಯಿಗೆ ಬಂದದ್ದು.

ಕರಿಯಕ್ಕ ನನ್ನನ್ನು ಕೇಳಿದಳು, "ನಿಮ್ದೆಲ್ಲಿಗಂಟ ಬಂತು ಕೆಂಚಕ್ಕ?"

"ಗೂಡಿನ ಹತ್ರ."

ಸುಳ್ಳು. ಕಿವಿ ಮಟ್ಟದಲ್ಲೇ ನಿಂತಿದೆ. ಮೇಲಿನ ಗೆರೆಗಳೆಲ್ಲ ಬಲಗೈಯಲ್ಲಿ ಎಳೆದವು. ನೋವಿಗೆ ಹೆದರಿ. ಇವರು ನೋಡಿ ಸಂತೋಷಪಡಲಿ ಅಂತಲೂ.

ಫೆಬ್ರವರಿ 16

ಹಟ್ಟಿಗೆ ಹೋಗಿ ತಿಂಗಳಾಗಿತ್ತು. ಹಟ್ಟಿಯ ಬೊಟ್ಟು ಬಾಗಿಲ ಎತ್ತರ ದಾಟಿದೆ. ಕರಿಯಕ್ಕ ಕೊಡ ಎತ್ತುತ್ತಿದ್ದಾಳೆ. ಬೇಲಿಯವರೆಗೆ ಬಂದು ಮೆಲ್ಲಗೆ ಅಂದಳು:

"ನಾನಿಡ್ತಿಲ್ಲ ಕೆಂಚಕ್ಕ. ಎದ್ದು ನೋಡುದ್ರೆ ಮ್ಯಾಲೊಂದು ಇರ್ತೈತೆ, ಹಸೀದು. ಎಟುಕುಸ್ಕೊಂಡು ಮುಟ್ಟಾದಷ್ಟೆ ನಾನು."

"ನಿಮ್ಮತ್ತೆ ಇಟ್ಟಿರ್ತಾರೆ ಬುಡು."

"ನಮ್ಮತ್ತೆ ಬೆನ್ನು ನೋಡಿದ್ದೀರಲ್ಲ."

ಗೂನು. ಒಲೆಯ ಮೇಲಿನ ಅಟ್ಟವೇ ಎಟುಕದು... ಹಟ್ಟಿಯಲ್ಲಿ ಅಷ್ಟೆತ್ತರದ ಹೆಂಗಸು ಯಾರೂ ಇಲ್ಲ.

ಮಾರ್ಚ್ 1

ಬೊಟ್ಟು ಸೂರು ಮುಟ್ಟಿದೆ. ಕರಿಯಕ್ಕ ಎರಡೂ ಕೈ ಎತ್ತಿ ನನ್ನೆದುರೇ ತುರುಬು ಕಟ್ಟಿಕೊಂಡಳು. ಕೆಂಪಕ್ಕ ಕಾಯಿ ಒಡೆದರು. "ಹೊಂಟೋದ ಕಣಮ್ಮ. ಯಾರ ಮನ್ಗೋ ಏನೋ."

ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡಿದೆ. ಯಾಕೋ.

ಮಾರ್ಚ್ 2, ಬೆಳಗ್ಗೆ ಏಳೂವರೆ

ನಮ್ಮ ಗೋಡೆಯಲ್ಲಿ ಅರಿಶಿನದ ಬೊಟ್ಟು. ಹಸಿ.

ಇವರನ್ನು ಕೇಳಿದೆ. "ನಂಗ್ಯಾಕಮ್ಮ ಅರಿಶ್ನ" ಅಂದು ಹೊಲಕ್ಕೆ ಹೋದರು.

ಸುಳ್ಳು ಗೆರೆಗಳ ಹತ್ತಿರ ಇಲ್ಲ ಅದು. ಕೆಳಗೆ, ಕಿವಿ ಮಟ್ಟದಲ್ಲಿ. ನನ್ನ ನಿಜವಾದ ಗೆರೆಗೆ ಒಂದೇ ಬೆರಳು ಮೇಲೆ.

ಆ ಗೆರೆ ಯಾವುದೆಂದು ಯಾರಿಗೂ ಹೇಳಿರಲಿಲ್ಲ.

ಮಾರ್ಚ್ 5

ದಿನಾ ಒಂದು. ದಿನಾ ಮುಟ್ಟುತ್ತಿದ್ದೇನೆ. ಅಳುತ್ತಾ. ಬಲಗೈ ಗೆರೆಗಳನ್ನು ಒರೆಸಿಹಾಕಿದೆ.

ಮಾರ್ಚ್ 8, ಬೆಳಗ್ಗೆ

ಗಡುವಿನ ದಿನ. ಇವತ್ತಿನ ಬೊಟ್ಟು ಒಂದು ಬೆರಳು ಮೇಲಲ್ಲ. ಗೂಡಿನೊಳಗೆ, ಹಿಂದಿನ ಗೋಡೆಗೆ. ದೂರ. ಈ ಪುಸ್ತಕವನ್ನು ಗೋಡೆಗೆ ಒತ್ತಿ ಬಲಗೈಯಲ್ಲಿ ಬರೆಯುತ್ತಿದ್ದೇನೆ, ಎಡಗೈ ಹತ್ತುತ್ತಿದೆ. ಹಣೆ ದಾಟಿತು. ತಲೆ. ಭುಜದೊಳಗೆ ಏನೋ ಹರಿದ ಹಾಗೆ... ಗೂಡಿನ ಅಂಚು ಸಿಕ್ಕಿತು. ಇನ್ನು ಎಟುಕುವುದಿಲ್ಲ ಜುಂಜಮ್ಮ, ಅಂದೆ. ಬಾಯಿಬಿಟ್ಟೇ ಅಂದೆ.

ಒಳಗೆ ತಣ್ಣನೆಯ ಇನ್ನೊಂದು ಬೆರಳು. ನನ್ನ ಬೆರಳಿಗೆ ಕೊಕ್ಕೆ ಹಾಕಿಕೊಂಡಿದೆ. ನೋವು ನಿಂತಿದೆ. ಎಳೆಯುತ್ತಿದೆ, ಹಿಮ್ಮಡಿ ನೆಲ ಬಿಟ್ಟಿತು, ಇನ್ನೂ ಮೇಲೆ —