ನವೆಂಬರ್ ಮೂವತ್ತೊಂದರ ಪಾಸು

ಮಡಕಶಿರ,
2 ಡಿಸೆಂಬರ್ 2025 (ಕ್ಯಾಲೆಂಡರ್ ನೋಡಿಯೇ ಬರೆದಿದ್ದೇನೆ)

ಪ್ರೀತಿಯ ಮಗಳೇ ಮೌನಿಕಾ,

ಹೇಗಿದ್ದೀಯವ್ವಾ? ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ಉಣ್ಣುತ್ತೀಯಾ, ನಿದ್ದೆ ಬರುತ್ತದಾ? ನಿಮ್ಮಮ್ಮನ ಮಂಡಿನೋವು ಹಾಗೇ ಇದೆ. ರೇಷ್ಮೆ ಹುಳು ಈ ಸಲ ಸೊಪ್ಪು ಚೆನ್ನಾಗಿ ತಿನ್ನುತ್ತಿವೆ, ನನಗೇ ಅನ್ನ ಇಳಿಯುತ್ತಿಲ್ಲ.

ಭಾನುವಾರ ರಾಯದುರ್ಗಕ್ಕೆ ಬಂದಿದ್ದೆ. ನಿಮ್ಮ ಕಾಲೇಜಿನ ಗೇಟಿನ ತನಕ ಬಂದು ನಿನ್ನ ಮುಖ ನೋಡದೆ ವಾಪಸು ಹೋದೆ. ನೀನು ಫೋನಿನಲ್ಲಿ ಅತ್ತಾಗಿನಿಂದ ನನಗೆ ತಡೆಯಲಾಗಿರಲಿಲ್ಲ. ತಿಂಗಳ ಕೊನೆಯ ಭಾನುವಾರ ಮಾತ್ರ ಭೇಟಿ, ಮೊದಲೇ ಮೊಬೈಲಿನಲ್ಲಿ ಫಾರಂ ತುಂಬಬೇಕು ಅಂದರು, ತುಂಬಿದೆ. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು, ತಿಂಗಳ ಕೊನೆ ಅಂದರೆ ಮೂವತ್ತೊಂದು ಅಂತ ಹಾಕಿಬಿಟ್ಟೆ. ನವೆಂಬರಿಗೆ ಮೂವತ್ತೇ ದಿನ ಅಂತ ಆ ಫಾರಂ ಆದರೂ ಹೇಳಬಾರದಾ? ಹಸಿರು ಗುರುತು ಹಾಕಿ 'ಸರಿ' ಅಂತು. ಗೇಟಿನವನು ಪಟ್ಟಿ ನೋಡಿ, "ಯಜಮಾನ್ರ, ನಿಮ್ಮ ಪಾಸು ನಾಳಿಗೈತ್ರಿ, ಡಿಸೆಂಬರ್ ಒಂದು. ನಾಳಿ ಸೋಮವಾರ, ಯಾರನ್ನೂ ಬಿಡಂಗಿಲ್ರಿ" ಅಂದ. "ಇವತ್ತೂ ಇಲ್ಲ, ನಾಳೆನೂ ಇಲ್ಲ, ಮತ್ಯಾಕಪ್ಪಾ ಪಾಸು ಕೊಟ್ರಿ, ಗೋಡೆಗೆ ಅಂಟಿಸ್ಕಳಾಕಾ?" ಅಂದೆ. "ಅದನ್ನ ಕಂಪ್ಯೂಟ್ರಿಗೆ ಕೇಳ್ರಿ" ಅಂದ. ಆದರೂ ಪಾಪ, ಕಡ್ಲೆಕಾಯಿ ಉಂಡೆಯ ಡಬ್ಬಿ ಇಸ್ಕೊಂಡ. ನಿನಗೆ ತಲುಪಿತಾ?

ಊರಿಗೆ ಬಂದು ಸಂಜೀವಪ್ಪನ ಸೊಸೆ ಅರ್ಚನಾಳನ್ನು ಕೇಳಿದೆ, ಹಿಂದೂಪುರಕ್ಕೆ ಹೋಗಿ ಅದೇನೋ ಜಾವಾ ಅಂತ ಕಂಪ್ಯೂಟರ್ ಭಾಷೆ ಕಲಿಯುತ್ತಾಳಲ್ಲ. "ಮಾವಾ, ಇಲ್ಲದ ತಾರೀಖು ಬಂದ್ರೆ ಒಪ್ಕಬ್ಯಾಡ ಅಂತ ಫಾರಂ ಬರೆದೋರು ಜಾವಾಗೆ ಗಟ್ಟಿಯಾಗಿ ಹೇಳ್ಬೇಕು. ಹೇಳ್ದಿದ್ರೆ ಅದು ಸುಮ್ನೆ ಒಂದು ದಿನ ಮುಂದಕ್ಕೆ ತಳ್ಳಿ ಸರಿ ಅಂತೈತೆ. ಅದು ಭಾನುವಾರನಾ ಅಂತನೂ ನೋಡಿಲ್ಲ" ಅಂದಳು. ಮೈಯೆಲ್ಲ ಉರಿದುಹೋಯಿತು. ತಪ್ಪು ಅಂತ ಮುಖಕ್ಕೆ ಹೇಳಿದ್ದರೆ ಅಲ್ಲೇ ತಿದ್ದುತ್ತಿರಲಿಲ್ಲವಾ? ಆಮೇಲೆ ಇನ್ನೊಂದು ಚಿಂತೆ ಹತ್ತಿಕೊಂಡಿತು. ಈ ಕಾಲೇಜಿಗೆ ಸೇರಿಸುವಾಗ ನಿನ್ನನ್ನು ಕೇಳಿದೆ, ನೀನು 'ಹೂಂ ಅಪ್ಪಾ' ಅಂದೆ. ಅದು ಮನಸ್ಸಿನಿಂದ ಬಂದ ಹೂಂ ಹೌದೋ ಅಲ್ಲವೋ ಅಂತ ಈಗ ತಲೆ ಕೆಡುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ನಿನ್ನ ತಲೆ ನೇವರಿಸಿದೆ ಅಂತ ಬರೆಯಲು ಹೇಳಿದ್ದಾಳೆ. ಮನೆದೇವರು ಕಾಯಲಿ.

ನಿನ್ನ ಅಪ್ಪ,
ಕದರಪ್ಪ

ಮರೆತಿದ್ದೆ: ಬರುವ ಭಾನುವಾರ ಫಾರಂ ತುಂಬದೇ ಬರುತ್ತೇನೆ. ಭೇಟಿಗೆ ಪಾಸು ಬೇಕಂತೆ, ಮಗಳನ್ನು ಮನೆಗೆ ಕರೆದೊಯ್ಯಲು ಬೇಡವಂತೆ, ಗೇಟಿನವನೇ ಹೇಳಿದ. ಅಲ್ಲೇ ಓದಿಕೊಂಡು ಇರುತ್ತೀನಿ ಅಂದರೆ ಗೇಟಿನಲ್ಲಿ ಉಂಡೆ ಕೊಟ್ಟು ಹೋಗುತ್ತೇನೆ. ಮನೆಗೆ ಬರುತ್ತೀನಿ ಅಂದರೆ ಬ್ಯಾಗು ಕಟ್ಟಿಕೊಂಡು ನಿಂತಿರು, ಒಂದು ಮಾತೂ ಬೈಯುವುದಿಲ್ಲ. ಅಪ್ಪನಿಗೆ ಬೇಜಾರಾಗುತ್ತೆ ಅಂತ ಮಾತ್ರ ಹೂಂ ಅನ್ನಬೇಡ.