ಗೇರ್ ಪೆಟ್ಟಿಗೆ ಒಂದೇ ಸಾಕಾಯಿತು

ಹಾಮರ್‌ನೆಸ್, ನಾರ್ವೆ
ಗುರುವಾರ

ಪ್ರೀತಿಯ ಅಪ್ಪ,

ಕೆಲಸ ಮುಗಿಯಿತು, ಮನಸ್ಸು ಹಗುರಾಯಿತು. ಇಲ್ಲಿನ ವೃದ್ಧಾಶ್ರಮದ ಕೋಣೆಗಳನ್ನು ಬೆಚ್ಚಗಿಡುವ ಬಿಸಿನೀರು ಬಿಡುವ ವಾಲ್ವ್ ನಿನ್ನೆ ಮುಚ್ಚಿಕೊಂಡಿತ್ತು. ಅದನ್ನು ತಿರುಗಿಸುವ ಯಂತ್ರದ ಗೇರ್ ಮುರಿದು, ಕೈಚಕ್ರವೂ ಅಲುಗುತ್ತಿರಲಿಲ್ಲ. ಹೊರಗೆ ಮೈನಸ್ ಇಪ್ಪತ್ತೆಂಟು ಡಿಗ್ರಿ. ನಮ್ಮ ಡೆನ್ಮಾರ್ಕಿನಲ್ಲಿ ನಾನು ಕಂಡಿರದ ಚಳಿ. ಅಜ್ಜಿಯರು ಕೋಟು, ಕೈಗವಸು ಹಾಕಿಕೊಂಡೇ ಇಸ್ಪೀಟು ಆಡುತ್ತಿದ್ದರು.

“ಹೊಸ ಯಂತ್ರ ಬರೋಕೆ ಆರು ದಿನ ಆಗುತ್ತಂತೆ. ನಮ್ಮಮ್ಮನೂ ಇಲ್ಲೇ ಇದ್ದಾಳೆ ಕಣಮ್ಮ,” ಎಂದ ಮೇಲ್ವಿಚಾರಕ ಓಡ್ವಾರ್.

“ಇಡೀ ಯಂತ್ರ ಯಾಕೆ? ಗೇರ್ ಪೆಟ್ಟಿಗೆ ಒಂದೇ ಸಾಕು. ಊರಲ್ಲಿ ಮುಚ್ಚಿರೋ ಈಜುಕೊಳದಲ್ಲಿ ಇಂಥದ್ದೇ ಯಂತ್ರ ಇದೆಯಲ್ಲ?” ಎಂದೆ.

“ಅದು ಇಲ್ಲಿಗೆ ಕೂರುತ್ತಾ?”

“ಒಂದರದ್ದು ಇನ್ನೊಂದಕ್ಕೆ ಕೂರಲಿ ಅಂತಾನೇ ಭಾಗಗಳನ್ನ ಬಿಡಿಬಿಡಿಯಾಗಿ ಮಾಡಿರೋದು.”

ಅದನ್ನು ಬಿಚ್ಚಿ ತಂದು, ಅದಕ್ಕೆ ಇಲ್ಲಿನ ಹಳೆಯ ಮೋಟಾರನ್ನೇ ಸಿಕ್ಕಿಸಿದೆ. ವಾಲ್ವನ್ನಾಗಲಿ ಕೊಳವೆಯನ್ನಾಗಲಿ ಮುಟ್ಟಲೇ ಇಲ್ಲ. ನೀವು ಈ ಕೆಲಸ ಮಾಡುತ್ತಿದ್ದ ಕಾಲದಲ್ಲಾಗಿದ್ದರೆ ಇಡೀ ಯಂತ್ರ ಎತ್ತಲು ಕ್ರೇನೇ ಬೇಕಿತ್ತು. ಮುಕ್ಕಾಲು ಗಂಟೆಯಲ್ಲಿ ಕೊಳವೆಗಳು ಗುಳುಗುಳು ಎಂದವು. ಓಡ್ವಾರ್ ಬಿಸಿನೀರು ಹರಿದು ಬೆಚ್ಚಗಾದ ಗೋಡೆಯ ರೇಡಿಯೇಟರಿಗೆ ಕೆನ್ನೆಯೊತ್ತಿ ಅತ್ತೇಬಿಟ್ಟ. ಅವನಮ್ಮ ಇಸ್ಪೀಟಿನಿಂದ ಕಣ್ಣೆತ್ತದೆ, “ಅತ್ತಿದ್ದು ಸಾಕು, ಆ ಹುಡುಗಿಗೆ ಕಾಫಿ ಕೊಡೋ,” ಎಂದಳು.

ನನ್ನ ಎರಡು ಬೆರಳು ಮರಗಟ್ಟಿದ್ದವು, ಈಗ ಸರಿಯಾಗಿವೆ. ಅಂಚೆಯ ವ್ಯಾನು ಹಾರನ್ ಹೊಡೆಯುತ್ತಿದೆ, ಓಡಬೇಕು.

ನಿಮ್ಮ ಬೋಡಿಲ್